ಮನಿಯಾರ್ಡರಿನ ಚೀಟಿಯಲ್ಲಿ ಉಳಿದವರು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ವಿಚಾರವಾಗಿ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಸಂಘದವರು ನನಗೆ ಒಪ್ಪಿಸಿದ ವಿಷಯ ಬೇರೆ. ನಮ್ಮಂಥವರ ಹಿರಿಯರು ಹೇಗೆ ಬಾಳಿದರು ಎಂಬುದನ್ನು ತಿಳಿಯುವ ದಾರಿ ಯಾವುದು ಎಂದು ಹೇಳಬೇಕಂತೆ. ನಾನು ಏಳನೆಯ ಕ್ಲಾಸಿನವನು, ಚರಿತ್ರೆಯ ಪಂಡಿತನಲ್ಲ. ಆದರೆ ಹೋಟೆಲಿನಲ್ಲಿ ಬಿಲ್ಲು ಓದಿದವನು, ಯೂನಿಯನ್ನಿನಲ್ಲಿ ಹಾಜರಿ ಪಟ್ಟಿ ಓದಿದವನು. ಆ ಅಭ್ಯಾಸದಿಂದ ಹೇಳಬಹುದಾದ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ರಾಜರ ಚರಿತ್ರೆ ಶಿಲೆಯಲ್ಲಿದೆ. ಸಾಹುಕಾರರ ಹೆಸರು ಛತ್ರದ ಗೋಡೆಯ ಮೇಲಿದೆ. ಹೋಟೆಲು ನಡೆಸಿದವರ ಹೆಸರು ಬೋರ್ಡಿನ ಮೇಲಿದೆ. ಅದೇ ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆದವನ ಹೆಸರು ಎಲ್ಲಿದೆ? ಎಲ್ಲಿಯೂ ಇಲ್ಲವೆಂದು ನಾವು ಸುಮ್ಮನಿರುತ್ತೇವೆ. ಹಾಗೆ ಸುಮ್ಮನಿರಬೇಕಾಗಿಲ್ಲ. ಬಡವನು ಹಣ ಕೊಟ್ಟಲ್ಲಿ, ಹಣ ಪಡೆದಲ್ಲಿ, ಸಾಲ ಮಾಡಿದಲ್ಲಿ, ಸರಕಾರವು ಅವನನ್ನು ಎಣಿಸಿದಲ್ಲಿ ಒಂದೊಂದು ಚೀಟಿ ಹುಟ್ಟಿರುತ್ತದೆ. ಅಂಥ ಚೀಟಿಗಳನ್ನು ಒಟ್ಟುಮಾಡಿದರೆ ಒಬ್ಬ ಮನುಷ್ಯನ ಬಾಳು ಕಾಣುತ್ತದೆ. ಸುಮ್ಮನೆ ಬಾಯಿಮಾತಿನಲ್ಲಿ ಹೇಳಿದರೆ ನಂಬಿಕೆ ಬರಲಾರದು. ಆದ್ದರಿಂದ ನನ್ನ ತಾಯಿಯ ಅಜ್ಜ, ನಮ್ಮ ಊರ ಮಾತಿನಲ್ಲಿ ಪಿಜ್ಜ, ಅವರೊಬ್ಬರ ಸಂಗತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅವರ ಹೆಸರು ಹೇಳಿದರೂ ನಿಮಗೆ ಗುರುತು ಹತ್ತದು. ನಿಮ್ಮ ಅಜ್ಜಂದಿರಲ್ಲಿ ಒಬ್ಬರೆಂದೇ ತಿಳಿಯಿರಿ.

ಊರು ನೇತ್ರಾವತಿಯ ದಂಡೆಯಲ್ಲಿ, ಇಂದಿನ ಬಂಟವಾಳ ತಾಲೂಕಿನಲ್ಲಿ. ಮನೆಯ ಮಾತು ತುಳು, ಕಾಗದದ ಮಾತು ಕನ್ನಡ. ಮನೆಯಲ್ಲಿ ಉಳಿದಿದ್ದ ಬಾಯಿಮಾತು ಇಷ್ಟೇ: ‘ಬೊಳ್ಳ ಬಂದ ಮಾರನೆಯ ವರ್ಷ ಹಡಗು ಹತ್ತಿ ಹೋದರು, ಮುದುಕರಾದ ಮೇಲೆ ಒಂದು ಟ್ರಂಕು ಹೊತ್ತುಕೊಂಡು ಬಂದರು.’ ಬೊಳ್ಳವೆಂದರೆ ನೆರೆ. ನಮ್ಮ ಕಡೆ ತಾರೀಕು ತಿಳಿಯದ ಹಿರಿಯರು ಹೀಗೆಯೇ ಲೆಕ್ಕ ಇಡುತ್ತಿದ್ದರು. ನೇತ್ರಾವತಿಯ ಆ ದೊಡ್ಡ ನೆರೆ 1923ರ ಆಗಸ್ಟಿನದು. ಊರಿನ ಶಾಲೆಯ ಪ್ರವೇಶ ಪುಸ್ತಕ ನೋಡಿದಾಗ ಅವರು ಶಾಲೆ ಬಿಟ್ಟದ್ದು 1924 ಎಂದಿತ್ತು. ಬಾಯಿಮಾತಿಗೂ ಪುಸ್ತಕಕ್ಕೂ ತಾಳೆಯಾಯಿತು. ಮುದುಕಿಯರ ಮಾತನ್ನು ಕತೆಯೆಂದು ತಳ್ಳಿಹಾಕಬಾರದು. ಹಾಗೆಂದು ಕಾಗದಕ್ಕೆ ತಾಳೆ ನೋಡದೆ ನಂಬಲೂಬಾರದು. ಇದು ಮೊದಲನೆಯ ಪಾಠ.

ಅದೇ ಶಾಲೆಯ ಪುಸ್ತಕದಲ್ಲಿ ಪಾಲಕನ ಹೆಸರಿನ ಜಾಗದಲ್ಲಿ ತಂದೆಯ ಹೆಸರಿಲ್ಲ, ಸೋದರಮಾವನ ಹೆಸರಿದೆ. ನಮ್ಮದು ಅಳಿಯಸಂತಾನದ ಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಆಸ್ತಿಯ ಕಾಗದ ತಾಯಿಯ ಕಡೆಯಿಂದ ನಡೆಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾನೂನು ಬಂದ ಮೇಲೆ ಪಾಲಾದ ಕುಟುಂಬಗಳಲ್ಲಿ ಸಹ ಪಾಲಿನ ಪತ್ರ ಬರೆದದ್ದು ತಾಯಿ ಕವಲಿನ ಲೆಕ್ಕದಲ್ಲಿ. ಹೀಗಿರುವಾಗ, ಹೆಂಡತಿಯ ಮನೆಯ ಪತ್ರಗಳಲ್ಲಿ ಗಂಡನ ಹೆಸರು ಹುಡುಕಿದರೆ ಸಿಗುವುದಾದರೂ ಹೇಗೆ? ಬೇರೆ ಕಡೆಯ ಸಂಗತಿ ತಿರುಗುಮುರುಗು. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಯಿತು. ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದೇ ಅದಕ್ಕೆ ಕಾರಣ. ಅಲ್ಲಿ ಹೆಂಗಸರ ಹೆಸರು ಕಳೆಯಿತು, ನಮ್ಮ ಮನೆಯಲ್ಲಿ ಗಂಡಸಿನ ಹೆಸರು ಕಳೆಯಿತು. ಹುಡುಕುವವನು ಮೊದಲು ತನ್ನ ಮನೆಯ ಕಟ್ಟು ಯಾವುದೆಂದು ತಿಳಿದು ಆಮೇಲೆ ಪುಸ್ತಕ ತೆರೆಯಬೇಕು.

ಪಿಜ್ಜನ ಹೆಸರು ಧಾರಾಳವಾಗಿ ಸಿಕ್ಕಿದ್ದು ಒಂದೇ ಜಾಗದಲ್ಲಿ. ಅದು ಮನಿಯಾರ್ಡರಿನ ಚೀಟಿಯಲ್ಲಿ, ‘ಕಳಿಸುವವರು’ ಎಂಬ ಕಡೆ.

ನಮ್ಮ ದೇಶದಲ್ಲಿ ಅಂಚೆಯ ಮನಿಯಾರ್ಡರು 1880ರಲ್ಲಿ ಆರಂಭವಾಯಿತು. ಅದರ ಹಿಂದಿನ ವರ್ಷ ಕಾಲಾಣೆಯ ಕಾರ್ಡು ಬಂದಿತ್ತು. ಈ ಎರಡು ಇಲ್ಲದಿದ್ದರೆ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ. ಮನಿಯಾರ್ಡರಿನ ಫಾರ್ಮು ಹೇಗಿತ್ತೆಂದು ಹಿರಿಯರಿಗೆ ನೆನಪಿರಬಹುದು. ಕೆಳತುದಿಯ ಒಂದು ತುಂಡಿನಲ್ಲಿ ಎರಡು ಸಾಲು ಸಮಾಚಾರ ಬರೆಯಲು ಜಾಗವಿರುತ್ತಿತ್ತು. ಅದು ಹಣ ಪಡೆದವರ ಕೈಯಲ್ಲಿ ಉಳಿಯುತ್ತಿತ್ತು. ಇನ್ನೊಂದು ತುಂಡಿನ ಮೇಲೆ ಹಣ ಪಡೆದವರು ರುಜು ಹಾಕಬೇಕು. ರುಜು ಬಾರದವರು ಹೆಬ್ಬೆಟ್ಟು ಒತ್ತಬೇಕು. ಅದು ತಿರುಗಿ ಕಳಿಸಿದವನಿಗೆ ಹೋಗುತ್ತಿತ್ತು. ಆದ್ದರಿಂದ ಒಂದೇ ಮನಿಯಾರ್ಡರಿನ ಎರಡು ತುಂಡು ಎರಡು ಊರಲ್ಲಿ ಉಳಿದವು. ಪಿಜ್ಜಿಯ ತಗಡಿನ ಡಬ್ಬಿಯಲ್ಲಿ ಪಿಜ್ಜನ ಅಕ್ಷರವಿರುವ ತುಂಡುಗಳು 143. ಮುಂಬಯಿಯಿಂದ ಬಂದ ಟ್ರಂಕಿನಲ್ಲಿ ಪಿಜ್ಜಿಯ ಹೆಬ್ಬೆಟ್ಟಿನ ತುಂಡುಗಳು 118. ಇವೆರಡನ್ನು ತಾರೀಕಿಗೆ ತಾರೀಕು ಜೋಡಿಸಿ ನೆಲದ ಮೇಲೆ ಹರಡಿದಾಗ ಅವರ ಬಾಳಿನ ಬಹುಭಾಗ ಅಲ್ಲೇ ಇತ್ತು.

ಬರೆದ ಸಮಾಚಾರ ತುಂಬ ಚಿಕ್ಕದು. ‘ಕ್ಷೇಮ. ಗೇಣಿಗೆ ಕೊಡುವುದು.’ ‘ಮಗುವಿಗೆ ಅಂಗಿ ಹೊಲಿಸುವುದು.’ ಒಮ್ಮೆ ‘ಕಾಲು ವಾಸಿ’ ಎಂದಿದೆ. ಅದಕ್ಕೆ ಹಿಂದಿನ ನಾಲ್ಕು ತಿಂಗಳು ಚೀಟಿಗಳೇ ಇಲ್ಲ. ಕಾಲಿಗೆ ಏನಾಗಿತ್ತೆಂದು ಯಾರೂ ಬರೆದಿಟ್ಟಿಲ್ಲ. ಆದರೆ ನಾಲ್ಕು ತಿಂಗಳು ಪಗಾರವಿಲ್ಲದೆ ಬಿದ್ದಿದ್ದರು ಎಂಬುದು ಆ ಖಾಲಿ ಜಾಗದಿಂದ ಕಾಣುತ್ತದೆ. ಬರೆದ ಮಾತಿಗಿಂತ ಅಂಚೆಯ ಮುದ್ರೆ ಹೆಚ್ಚು ಹೇಳುತ್ತದೆ. ಮೊದಲು ಕೋಟೆಯ ಕಡೆಯ ಅಂಚೆ ಕಚೇರಿಯ ಮುದ್ರೆ, ಆಮೇಲೆ ಗಿರಗಾಂವಿನದು, ಕಾಲು ವಾಸಿಯಾದ ಮೇಲೆ ಮಾಟುಂಗದ್ದು. ಹೋಟೆಲಿನಲ್ಲೇ ದುಡಿದು ಹೋಟೆಲಿನಲ್ಲೇ ಮಲಗುತ್ತಿದ್ದ ಮನುಷ್ಯ ಹಣ ಕಟ್ಟುವುದು ಹತ್ತಿರದ ಅಂಚೆಯಲ್ಲಿ. ಅಂದ ಮೇಲೆ ಮುದ್ರೆ ಬದಲಾದಾಗ ಕೆಲಸವೂ ಬದಲಾಯಿತೆಂದು ತಿಳಿಯಬಹುದು. ಯಾವ ಧಣಿಯೂ ಕೊಡದ ಸರ್ವಿಸಿನ ಪಟ್ಟಿಯನ್ನು ಅಂಚೆಯವರು ತಮಗೆ ತಿಳಿಯದೆಯೇ ಬರೆದುಕೊಟ್ಟಿದ್ದಾರೆ.

ಇಲ್ಲಿ ಒಂದು ಮುಖ್ಯ ಸಂಗತಿ ಹೇಳಬೇಕು. ನಮ್ಮ ಮನೆಯಲ್ಲಿ ಪಿಜ್ಜನ ಮೇಲೆ ಒಂದು ಅಪವಾದವಿತ್ತು. ಒಂದು ವರ್ಷ ಆಟಿ ತಿಂಗಳಲ್ಲಿ ಅವರು ಹಣ ಕಳಿಸಲಿಲ್ಲ, ಇಸ್ಪೀಟಿನಲ್ಲಿ ಕಳೆದರು, ಹೆಂಡತಿ ಮಕ್ಕಳು ತಜಂಕಿನ ಸೊಪ್ಪು, ಹಲಸಿನ ಬೀಜ ಬೇಯಿಸಿ ದಿನ ನೂಕಿದರು ಎಂದು. ಆಟಿಯೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳು. ಕಣಜ ಬರಿದಾಗಿರುತ್ತದೆ, ಹೊಸ ಬೆಳೆ ಬಂದಿರುವುದಿಲ್ಲ. ಆಗ ಹಣ ಬಾರದಿದ್ದರೆ ಮನೆಯವರು ಮರೆಯುತ್ತಾರೆಯೇ? ಪಿಜ್ಜಿಯ ತಮ್ಮಂದಿರು ಹೇಳಿದ ಮಾತು ಮಕ್ಕಳಿಗೆ ಬಂತು, ಮೊಮ್ಮಕ್ಕಳಿಗೆ ಬಂತು. ಅವರು ಸತ್ತ ಮೇಲೂ ಅಪವಾದ ಸಾಯಲಿಲ್ಲ.

ಚೀಟಿಗಳನ್ನು ಜೋಡಿಸಿದಾಗ ಆ ವರ್ಷ 1946 ಎಂದು ತಿಳಿಯಿತು. ಜುಲೈ ತಿಂಗಳದ್ದು ಡಬ್ಬಿಯಲ್ಲಿಯೂ ಇಲ್ಲ, ಟ್ರಂಕಿನಲ್ಲಿಯೂ ಇಲ್ಲ. ಎರಡೂ ಕಡೆ ಇಲ್ಲದ ಮೇಲೆ ಚೀಟಿ ಕಳೆದುಹೋಗಿದೆ ಎನ್ನುವಂತಿಲ್ಲ; ಹಣ ಹೋಗಿಯೇ ಇಲ್ಲ. ಆದರೆ ಆಗಸ್ಟಿನ ಕೊನೆಯ ಚೀಟಿಯಲ್ಲಿ ಎಂದಿನ 15 ರೂಪಾಯಿಯ ಬದಲು 30 ರೂಪಾಯಿ ಇದೆ. ‘ಎರಡು ತಿಂಗಳದ್ದು’ ಎಂದು ಬರೆದಿದೆ. ಇಸ್ಪೀಟಿನಲ್ಲಿ ಕಳೆದವನಿಗೆ ಎರಡು ತಿಂಗಳ ಹಣ ಕೂಡಿ ಬರುವುದು ಎಲ್ಲಿಂದ?

ಬಂಧುಗಳೇ, 1946ರ ಜುಲೈ 11ರಂದು ಅಂಚೆಯ ಕೆಳದರ್ಜೆ ನೌಕರರು ಮುಷ್ಕರ ಹೂಡಿದರು. ಅದು ಆಗಸ್ಟಿನ ಮೊದಲ ವಾರದವರೆಗೆ ನಡೆಯಿತು. ಆ ಮುಷ್ಕರದ ಬೆಂಬಲಕ್ಕೆ ಜುಲೈ 29ರಂದು ಕಲಕತ್ತೆಯಲ್ಲಿ ಸಾರ್ವತ್ರಿಕ ಮುಷ್ಕರವೇ ಆಯಿತು. ಕಾರ್ಮಿಕ ಚಳವಳಿಯ ಪುಸ್ತಕಗಳಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಬರೆಯಬೇಕಾದದ್ದೇ. ನಮ್ಮ ಪಿಜ್ಜ ಮುಂಬಯಿಯಲ್ಲಿ ಹಣ ಹಿಡಿದುಕೊಂಡು ಕುಳಿತಿದ್ದರು. ಸಾಗಿಸುವ ಅಂಚೆ ನಿಂತಿತ್ತು. ಮಳೆಗಾಲದಲ್ಲಿ ಕರಾವಳಿಯ ಹಡಗುಗಳೂ ಓಡುತ್ತಿರಲಿಲ್ಲ. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವಂತೆಯೂ ಇರಲಿಲ್ಲ.

ಇದರಲ್ಲಿ ಯಾರ ತಪ್ಪು? ಪಿಜ್ಜನದಲ್ಲ. ಹೊಟ್ಟೆಗೆ ಸಾಲದ ಸಂಬಳಕ್ಕೆ ದುಡಿದು ಕೊನೆಗೆ ಕೆಲಸ ನಿಲ್ಲಿಸಿದ ಪೋಸ್ಟ್‌ಮನ್ನನದೂ ಅಲ್ಲ. ಆದರೆ ಒಬ್ಬ ಕಾರ್ಮಿಕನ ಮುಷ್ಕರದ ಭಾರ ಇನ್ನೊಬ್ಬ ಕಾರ್ಮಿಕನ ಮನೆಯ ಒಲೆಯ ಮೇಲೆ ಬಿದ್ದದ್ದು ನಿಜ. ಯೂನಿಯನ್ನಿನ ಕೆಲಸ ಮಾಡುವವನು ಇದನ್ನು ಮುಚ್ಚಿಡಬಾರದು. ಮುಷ್ಕರ ಹೂಡುವಾಗ ಅದರ ಕಾರಣವನ್ನು ಧಣಿಗಳಿಗೆ ತಿಳಿಸುವಷ್ಟೇ ಮುತುವರ್ಜಿಯಿಂದ ಅದರ ಭಾರ ಹೊರುವ ಬಡವರಿಗೂ ತಿಳಿಸಬೇಕು. ಬಂಟವಾಳದ ಕಡೆಯ ಒಂದು ಹಳ್ಳಿಗೆ ಆ ಸುದ್ದಿ ಸರಿಯಾಗಿ ಮುಟ್ಟಿದ್ದರೆ, ಒಬ್ಬ ಯೋಗ್ಯ ಮನುಷ್ಯ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ತನ್ನ ಮನೆಯಲ್ಲೇ ಜೂಜುಕೋರನೆನಿಸಿಕೊಳ್ಳುತ್ತಿರಲಿಲ್ಲ.

ಆ ಆಟಿಯಲ್ಲಿ ಹನ್ನೊಂದು ವರ್ಷದ ಹುಡುಗಿಯಾಗಿದ್ದವರು ನನ್ನ ಅಜ್ಜಿ. ಅವರ ಕೊನೆಯ ದಿನಗಳಲ್ಲಿ ಈ ಚೀಟಿ ತೋರಿಸಿ ಓದಿ ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. ‘ಹಾಗಾದರೆ ಅಪ್ಪ ಕಳಿಸಿದ್ದಾರೆ’ ಎಂದರು. ಚರಿತ್ರೆ ಓದುವುದರಿಂದ ಏನು ಲಾಭ ಎಂದು ಕೇಳುವವರಿಗೆ ನನ್ನ ಉತ್ತರ ಅಷ್ಟೇ.

ಇನ್ನು ಹೊಲದ ಚೀಟಿಗಳ ವಿಚಾರ. ಪಿಜ್ಜಿಯ ಮನೆಯವರು ಚಾಲಗೇಣಿಗೆ ಗದ್ದೆ ಮಾಡುತ್ತಿದ್ದರು. ಮೂಲಗೇಣಿಯಾದರೆ ಶಾಶ್ವತ, ಗೇಣಿಯೂ ನಿಗದಿ. ಚಾಲಗೇಣಿಯೆಂದರೆ ಧಣಿ ಬೇಡವೆಂದ ದಿನ ಏಳಬೇಕು. ಏಣೆಲು ಬೆಳೆ ಚೆನ್ನಾಗಿ ಬಂದ ವರ್ಷ ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಧಣಿಯ ಅಂಗಳಕ್ಕೆ ಹೊರುತ್ತಿದ್ದರು; 42 ಸೇರಿಗೆ ಒಂದು ಮುಡಿ. ಬೆಳೆ ಕೈಕೊಟ್ಟ ವರ್ಷ ಬಾಕಿಗೆ ನಗದು ಕೊಡುತ್ತಿದ್ದರು. ಅಂಥ ನಗದಿನ ರಶೀದಿಗಳು ಏಳು ಇದ್ದವು. ಏಳಕ್ಕೂ ಎಂಟು ಹತ್ತು ದಿನ ಮೊದಲು ಮುಂಬಯಿಯ ಮನಿಯಾರ್ಡರು ಬಂದಿದೆ. ಒಂದರಲ್ಲಿ 25 ರೂಪಾಯಿಯ ಮನಿಯಾರ್ಡರು, ಅದರ ಬೆನ್ನಿಗೇ ಒಂದಾಣೆ ಸ್ಟಾಂಪಿನ ಮೇಲೆ ರುಜು ಹಾಕಿದ 25 ರೂಪಾಯಿಯ ರಶೀದಿ. ಆ ಗದ್ದೆ ಕೈಬಿಡದೆ ಉಳಿದದ್ದು ಮಾಟುಂಗದ ಕಪ್ಪು ಬಸಿಗಳಿಂದ.

1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಒಕ್ಕಲು ಏಳನೇ ನಂಬ್ರದ ಫಾರ್ಮಿನಲ್ಲಿ ಡಿಕ್ಲರೇಶನ್ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಿಸಿ ತೀರ್ಮಾನಿಸಬೇಕು ಎಂದಾಯಿತು. ಡಿಕ್ಲರೇಶನ್ ಹಾಕುವ ಅವಧಿ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ನಾವು ಉತ್ತದ್ದು ನಿಜವೆಂದು ಬಾಯಲ್ಲಿ ಹೇಳುವವರು ಬಹಳ ಮಂದಿ. ಕೈಯಲ್ಲಿ ರಶೀದಿ ಇದ್ದವರು ಕೆಲವರು. ಎಷ್ಟೋ ಧಣಿಗಳು ರಶೀದಿಯನ್ನೇ ಕೊಡುತ್ತಿರಲಿಲ್ಲ. ಪಿಜ್ಜಿಗೆ ಓದು ಬಾರದು. ಆದರೆ ಗೇಣಿಯ ಚೀಟಿಗೆ ಕೆಂಪು ನೂಲು, ಅಂಚೆಯ ಚೀಟಿಗೆ ಬಿಳಿ ನೂಲು ಕಟ್ಟಿಟ್ಟಿದ್ದರು. ಕೆಂಪು ನೂಲಿನ ಕಟ್ಟು ಮಂಡಳಿಯ ಮೇಜಿನ ಮೇಲೆ ಹೋಯಿತು, ಗದ್ದೆ ಪಿಜ್ಜಿಯ ಹೆಸರಿಗೆ ಬಂತು. ಓದು ಬಾರದ ಹೆಂಗಸು ಕಾಗದದ ಬೆಲೆಯನ್ನು ಓದಿದವರಿಗಿಂತ ಚೆನ್ನಾಗಿ ತಿಳಿದಿದ್ದರು.

ಈಗ ಇದನ್ನು ಹೋಟೆಲಿಗೆ ಹೋಲಿಸಿ ನೋಡಿ. ಊರಲ್ಲಿ ಗದ್ದೆಯ ಒಡೆಯನನ್ನು ಧಣಿ ಎನ್ನುತ್ತೇವೆ, ಇಲ್ಲಿ ಹೋಟೆಲಿನ ಮಾಲಿಕನನ್ನೂ ಧಣಿ ಎನ್ನುತ್ತೇವೆ. ಊರ ಧಣಿ ಮನಸ್ಸಿಲ್ಲದ ಮನಸ್ಸಿನಿಂದಾದರೂ ಕೆಲವು ರಶೀದಿ ಕೊಟ್ಟ. ಅದರಿಂದ ಭೂಮಿ ಉಳಿಯಿತು. 1924ರಿಂದ 1961ರವರೆಗೆ ಪಿಜ್ಜ ದುಡಿದ ಹೋಟೆಲುಗಳ ಕಡೆಯಿಂದ ಅವರ ಟ್ರಂಕಿನಲ್ಲಿ ಒಂದೇ ಒಂದು ಕಾಗದ ಇರಲಿಲ್ಲ. 37 ವರ್ಷಕ್ಕೆ ಒಂದು ಚೀಟಿಯೂ ಇಲ್ಲ. 1968ರಲ್ಲಿ ಅವರು ತೀರಿಕೊಂಡಾಗ ಮರಣದ ಪುಸ್ತಕದಲ್ಲಿ ಕಸುಬು ‘ಬೇಸಾಯ’ ಎಂದು ಬರೆದರು. ನೇಗಿಲು ಹಿಡಿಯದವನಿಗೆ ಬೇಸಾಯ. ಜೀವಮಾನವೆಲ್ಲ ನೇಜಿ ನೆಟ್ಟ ಪಿಜ್ಜಿ ತೀರಿಕೊಂಡಾಗ ಅವರ ಕಸುಬು ‘ಮನೆಗೆಲಸ’. ಸರಕಾರದ ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಒಂದು ಕಾಗದವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದಬೇಕು.

ನೀವೂ ಹುಡುಕಲು ತೊಡಗುವುದಾದರೆ ಕೆಲವು ಗುರುತುಗಳನ್ನು ಹೇಳುತ್ತೇನೆ. ಹಳೆಯ ಚೀಟಿಯಲ್ಲಿ ತಾರೀಕಿನ ಬದಲು ಸಂವತ್ಸರದ ಹೆಸರು ಇರಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ರುಧಿರೋದ್ಗಾರಿ ಎಂದಿದ್ದರೆ 1863-64, 1923-24, 1983-84 ಇವುಗಳಲ್ಲಿ ಯಾವುದಾದರೂ ಆಗಬಹುದು. ಕಾಗದ, ಶಾಯಿ, ಸ್ಟಾಂಪು ನೋಡಿ ತೀರ್ಮಾನಿಸಬೇಕು. ಸ್ಟಾಂಪಿನಲ್ಲಿ ಯಾವ ದೊರೆಯ ತಲೆಯಿದೆ ನೋಡಿ. ವಿಕ್ಟೋರಿಯಾ ರಾಣಿ 1901ರಲ್ಲಿ, ಏಳನೆಯ ಎಡ್ವರ್ಡ್ 1910ರಲ್ಲಿ, ಐದನೆಯ ಜಾರ್ಜ್ 1936ರಲ್ಲಿ ತೀರಿಹೋದರು. ಹಣದ ಲೆಕ್ಕ ಆಣೆಯಲ್ಲಿದ್ದರೆ ಹೆಚ್ಚಾಗಿ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ರಂದು ನಯೇ ಪೈಸೆ ಬಂತು, 1964ರಲ್ಲಿ ‘ನಯೇ’ ಎಂಬ ಮಾತು ಹೋಯಿತು. ವಿಳಾಸದಲ್ಲಿ ಬೊಂಬಾಯಿ-19 ಎಂದಷ್ಟೇ ಇದ್ದರೆ ಅದು ಹಳೆಯ ಪದ್ಧತಿ. ಆರು ಅಂಕೆಯ ಪಿನ್ ಕೋಡು ಬಂದದ್ದು 1972ರ ಆಗಸ್ಟ್ 15ರಂದು. ದಕ್ಷಿಣ ಕನ್ನಡ ಜಿಲ್ಲೆಯ ಕಾಗದದಲ್ಲಿ ಮದರಾಸು ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು, ಮೈಸೂರು ರಾಜ್ಯ ಎಂದಿದ್ದರೆ 1956ರಿಂದ 1973ರ ನಡುವಿನದು. ಮುಂಬಯಿಯಲ್ಲಿ ರೇಶನ್ ಶುರುವಾದದ್ದು 1943ರ ಮೇ 2ರಂದು; ಹಳೆಯ ರೇಶನ್ ಕಾರ್ಡು ಸಿಕ್ಕಿದರೆ ಎಸೆಯಬೇಡಿ, ಮನೆಯಲ್ಲಿ ಯಾರೆಲ್ಲ ಇದ್ದರು ಎಂಬುದಕ್ಕೆ ಅದು ಸಾಕ್ಷಿ.

ಮನೆಯ ಚೀಟಿ ಮುಗಿದ ಮೇಲೆ ಕಚೇರಿಗೆ ಹೋಗಿ. ಕ್ರಯ, ಅಡವು, ಪಾಲುಪತ್ರಗಳ ನಕಲು ಸಬ್ ರಿಜಿಸ್ಟ್ರಾರರಲ್ಲಿ ಇರುತ್ತದೆ. ಪಹಣಿಯೂ ಭೂನ್ಯಾಯಮಂಡಳಿಯ ಕಡತವೂ ತಾಲೂಕು ಕಚೇರಿಯಲ್ಲಿ ಕೇಳಬೇಕಾದವು. ಶಾಲೆಯ ಪ್ರವೇಶ ಪುಸ್ತಕವನ್ನು ಹೆಡ್‌ಮಾಸ್ತರರ ಹತ್ತಿರ ವಿನಯದಿಂದ ಕೇಳಿ. ಅದರಲ್ಲಿರುವ ಹುಟ್ಟಿದ ತಾರೀಕು ಮಾಸ್ತರರು ಅಂದಾಜಿನಿಂದ ಬರೆದದ್ದಿರಬಹುದು. ಶಾಲೆ ಬಿಟ್ಟ ತಾರೀಕು ಮಾತ್ರ ಎದುರಿಗೇ ಬರೆದದ್ದು. ಜನಗಣತಿಯಲ್ಲಿ ಹೆಸರು ಹುಡುಕಲು ಹೋಗಬೇಡಿ. ಒಬ್ಬೊಬ್ಬರ ವಿವರವನ್ನು 1948ರ ಕಾನೂನಿನಂತೆ ಯಾರಿಗೂ ತೋರಿಸುವುದಿಲ್ಲ. ಎಲ್ಲಕ್ಕಿಂತ ಮೊದಲು ಮನೆಯ ಮುದುಕರನ್ನು ಕೇಳಿ. ಕಚೇರಿ ನಾಳೆಯೂ ಇರುತ್ತದೆ, ಅವರು ಇರುವರೆಂಬ ಭರವಸೆಯಿಲ್ಲ.

ಕೊನೆಯದಾಗಿ ನಮ್ಮ ಇಂದಿನ ವಿಚಾರ. 1972ರಲ್ಲಿ ಗ್ರಾಚ್ಯುಯಿಟಿಯ ಕಾನೂನು ಬಂದಾಗ ಅದು ಐದು ವರ್ಷದ ಎಡೆಬಿಡದ ಸೇವೆ ಆಗಿರಬೇಕೆಂದಿತು. ಸೇವೆ ಮಾಡಿದವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಾಡಿದ್ದೇವೆಂದು ತೋರಿಸುವ ಕಾಗದಕ್ಕೆ ಕೊರತೆ. ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು ನಮ್ಮ ಸಂಘಕ್ಕೆ ಬರಿಗೈಯಲ್ಲಿ ಬರುತ್ತಾರೆ. ‘ಧಣಿ ಒಳ್ಳೆಯವರು, ಚೀಟಿ ಕೇಳಲು ಸಂಕೋಚ’ ಎನ್ನುತ್ತಾರೆ. ಧಣಿ ಒಳ್ಳೆಯವರಾದರೆ ಚೀಟಿ ಕೊಡಲು ಅವರಿಗೇಕೆ ಸಂಕೋಚವಾಗಬೇಕು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕೆಲಸಕ್ಕೆ ಸೇರುವಾಗ ನೇಮಕದ ಪತ್ರ ಕೇಳಿ. ಪಗಾರದ ಚೀಟಿ, ಹಾಜರಿ ಕಾರ್ಡು, ಪ್ರಾವಿಡೆಂಟ್ ಫಂಡಿನ ನಂಬರು, ಸಂಘದ ವರ್ಗಣಿಯ ರಶೀದಿ, ಇವನ್ನು ಒಂದು ಕಡೆ ಕಟ್ಟಿಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಊರಿಗೂ ಕಳಿಸಿ. ಆದರೆ ಮೂಲವನ್ನು ಬಿಸಾಡಬೇಡಿ. ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕನ್ನು ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ತೆರೆದು ನೋಡಿ. ಸಂಘದ ಕಚೇರಿಯಲ್ಲಿ ಪ್ರತಿ ಭಾನುವಾರ ಸಂಜೆ, ಹಳೆಯ ಕಾಗದ ತಂದವರಿಗೆ ಓದಿ ಹೇಳಿ ತಾರೀಕು ಪ್ರಕಾರ ಜೋಡಿಸಿಕೊಡುವ ವ್ಯವಸ್ಥೆಯಾಗಬೇಕೆಂದು ಈ ಸಭೆಯ ಮುಂದೆ ಸೂಚನೆ ಇಡುತ್ತೇನೆ. ಅದಕ್ಕೆ ಬೇಕಾದ ಮೇಜು ಇದೆ, ದೀಪ ಇದೆ. ಓದಲು ಬರುವ ನಾಲ್ಕು ಮಂದಿ ತರುಣರು ಮುಂದೆ ಬಂದರೆ ಸಾಕು.

ನಮ್ಮ ಹಿರಿಯರು ಹಸಿವು ಕಂಡರು, ಅಪವಾದ ಹೊತ್ತರು, ಸುಮ್ಮನೆ ಹೋದರು. ಅವರ ಮಾತು ಅವರ ಚೀಟಿಯಲ್ಲಿದೆ. ಅದನ್ನು ಓದುವ ಹೊಣೆ ನಮ್ಮದು. ನಾಳೆ ನಮ್ಮ ಮಕ್ಕಳಿಗೆ ಓದಲು ಚೀಟಿ ಉಳಿಸುವ ಹೊಣೆಯೂ ನಮ್ಮದೇ.